ನಿಮ್ಮ ಟೆರೇಸು ನನ್ನ ಕಿಟಕಿಗೆ ಕಾಣುತ್ತದೆ

ಬೆಂಗಳೂರಿನ ಹೆಗ್ಗನಹಳ್ಳಿಯ ಪಿಜಿ, ಹಾಸ್ಟೆಲ್, ಲಾಡ್ಜ್ ಮತ್ತು ದರ್ಶಿನಿ ಮಾಲೀಕರೇ,

ನಾನು ನಿಮಗೆ ಗಿರಾಕಿಯೂ ಹೌದು, ನೆರೆಯವನೂ ಹೌದು. ನಿಮ್ಮಲ್ಲಿ ಕೆಲವರ ಇಡ್ಲಿ ತಿಂದು, ಕೆಲವರ ಜೊತೆ ನೀರಿಗೆ ಜಗಳವಾಡಿ ಇಪ್ಪತ್ತೈದು ವರ್ಷದ ಮೇಲಾಯಿತು. ಪೀಣ್ಯ ಎರಡನೇ ಹಂತದ ಒಂದು ಶಾಪಿನಲ್ಲಿ ಲೇತ್ ಆಪರೇಟರ್ ಆಗಿ ಸೇರಿದಾಗ ಸುಂಕದಕಟ್ಟೆ ಕಡೆಯ ಒಂದೇ ರೂಮಿನಲ್ಲಿ ಐದು ಜನ ಇದ್ದೆವು. ಆಗ ಪಿಜಿ ಅನ್ನುವ ಹೆಸರು ನಮ್ಮ ಕಡೆ ಅಷ್ಟಾಗಿ ಬಂದಿರಲಿಲ್ಲ, ಬ್ಯಾಚುಲರ್ ರೂಮು ಅಂದರೆ ಸಾಕಿತ್ತು. ಬೀದಿ ನಲ್ಲಿಯಿಂದ ನೀರು ಹೊತ್ತು ತರುವುದು ಪಾಳಿಯ ಮೇಲೆ. ನನ್ನ ಪಾಳಿ ಬಂದ ದಿನ ಎಲ್ಲರ ಸ್ನಾನವೂ ಅರ್ಧ ಬಕೆಟ್ಟಿನಲ್ಲಿ ಮುಗಿಯಬೇಕು ಎಂದು ಗೊಣಗುತ್ತಿದ್ದೆ. ಹಾಗೆ ಬಂದವನು ಈಗ 20x30 ಸೈಟಿನಲ್ಲಿ ಮನೆ ಕಟ್ಟಿಕೊಂಡು, ಮೇಲಿನ ಮಹಡಿಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಮ್ಮ ಟೆರೇಸುಗಳನ್ನು ನೋಡುತ್ತಾ ಕೂರುವ ವಯಸ್ಸಿಗೆ ಬಂದಿದ್ದೇನೆ. ನೋಡುವುದು ಚಟವಾಯಿತು. ಈ ಪತ್ರ ಆ ಚಟದ ಫಲ.

ಬೆಳಿಗ್ಗೆ ಐದೂಕಾಲಿಗೆ ನಮ್ಮ ಬೀದಿಯಲ್ಲಿ ಮೊದಲು ಏಳುವುದು ಮೋಟರುಗಳು. ಒಂದಾದ ಮೇಲೆ ಒಂದು ಗುಂಯ್ ಎನ್ನುತ್ತವೆ. ಸ್ವಲ್ಪ ಹೊತ್ತಿಗೆ ಎದುರಿನ ಪಿಜಿಯ ಕಪ್ಪು ಸಿಂಟೆಕ್ಸ್ ತುಂಬುತ್ತದೆ. ಸ್ವಿಚ್ ಹಾಕಿದ ಹುಡುಗ ಮತ್ತೆ ಮಲಗಿರುತ್ತಾನೆ, ಪಾಪ, ರಾತ್ರಿ ಹನ್ನೊಂದರವರೆಗೆ ಪಾತ್ರೆ ಉಜ್ಜಿರುತ್ತಾನೆ. ಓವರ್‌ಫ್ಲೋ ಪೈಪಿನಿಂದ ನೀರು ಮೊದಲು ಎಳೆಯಾಗಿ, ಆಮೇಲೆ ಧೋ ಎಂದು ನನ್ನ ಸಜ್ಜಾದ ಮೇಲೆ ಬೀಳುತ್ತದೆ. 'ಮೋಟರ್ ಆಫ್ ಮಾಡ್ರೀ' ಎಂದು ನನ್ನ ಹೆಂಡತಿ ಕೂಗುತ್ತಾಳೆ. ಅವಳ ಕೂಗಿಗೇ ಏಳುವ ರೂಢಿ ಆ ಪಿಜಿಯ ಹುಡುಗರಿಗೆ ಆಗಿಬಿಟ್ಟಿದೆ.

ಒಂದು ಎಚ್‌ಪಿ ಮೋಟರು ನಿಮಿಷಕ್ಕೆ ನಲವತ್ತು ಲೀಟರ್ ಎತ್ತುತ್ತದೆ ಎಂದುಕೊಳ್ಳಿ. ಹದಿನೈದು ನಿಮಿಷ ಸುರಿದರೆ ಆರುನೂರು ಲೀಟರ್. 2024ರ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತಲ್ಲ, ಸಿಸಿ ಕ್ಯಾಮೆರಾ ಇರಬೇಕು, ತಲೆಗೆ 70 ಚದರಡಿ ಜಾಗ ಇರಬೇಕು ಅಂತ, ಅದರಲ್ಲೇ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅಂತಲೂ ಇತ್ತು. ಆ ಲೆಕ್ಕದಲ್ಲಿ ನನ್ನ ಸಜ್ಜಾದ ಮೇಲೆ ಬಿದ್ದು ಮೋರಿಗೆ ಹೋದದ್ದು ನಾಲ್ಕು ಹುಡುಗರ ಒಂದು ದಿನದ ಪಾಲು. ಅರವತ್ತು ಜನರ ಪಿಜಿಗೆ ದಿನಕ್ಕೆ 8,100 ಲೀಟರ್ ಬೇಕು. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟಿದಾಗ ಐದು ಕಿಲೋಮೀಟರ್ ಒಳಗೆ 8,000 ಲೀಟರಿಗೆ 700 ರೂಪಾಯಿ. ಬೋರು ಕೈಕೊಟ್ಟು ಪೂರ್ತಿ ಟ್ಯಾಂಕರ್ ಮೇಲೆ ನಿಂತವರಿಗೆ ಆಗ ತಿಂಗಳಿಗೆ 21,000 ರೂಪಾಯಿ ಆಗುತ್ತಿತ್ತು, ಅದೂ ಸರ್ಕಾರಿ ದರದಲ್ಲಿ ಸಿಕ್ಕಿದ್ದರೆ. ಆ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿದ್ದವು. ನಿಮ್ಮ ಬೋರುಗಳ ಕತೆ ನಿಮಗೇ ಗೊತ್ತು.

ಇನ್ನು ಕಾವೇರಿ ನೀರು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ನೀರದು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚಿಗೆ ತರುವ ವ್ಯವಸ್ಥೆ ಆಯಿತು. ಅಷ್ಟು ಕಷ್ಟಪಟ್ಟು ಬೆಟ್ಟ ಹತ್ತಿಸಿದ ನೀರನ್ನು ನಾಲ್ಕನೇ ಮಹಡಿಗೆ ಮತ್ತೊಮ್ಮೆ ಹತ್ತಿಸಿ ನನ್ನ ಸಜ್ಜಾದ ಮೇಲೆ ಸುರಿಯುವುದೆಂದರೆ ಹೊಟ್ಟೆ ಉರಿಯುತ್ತದೆ. ಟ್ಯಾಂಕು ತುಂಬಿದ ಕೂಡಲೇ ಮೋಟರು ತಾನೇ ನಿಲ್ಲುವ ಕಂಟ್ರೋಲರು ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಒಬ್ಬ ಹುಡುಗನ ಒಂದು ತಿಂಗಳ ಬಾಡಿಗೆಗಿಂತ ಎಷ್ಟೋ ಕಡಿಮೆ. ನಿಜ ಹೇಳಬೇಕೆಂದರೆ ನನ್ನ ಮನೆಗೂ ಅದನ್ನು ಹಾಕಿಸಿದ್ದು ಎರಡು ವರ್ಷದ ಹಿಂದೆ, ಎದುರಿನ ಪಿಜಿಯವರು 'ನಿಮ್ದೂ ಸುರೀತಾ ಇದೆ ಸಾರ್' ಎಂದು ಮುಖಕ್ಕೆ ಹೇಳಿದ ಮೇಲೆ.

ಇಷ್ಟಕ್ಕೇ ಪತ್ರ ಬರೆಯುತ್ತಿರಲಿಲ್ಲ. ಈಚೆಗೆ ನಿಮ್ಮಲ್ಲಿ ಕೆಲವರ ಗೇಟಿಗೆ ಹಸಿರು ಬೋರ್ಡು ಬಿದ್ದಿದೆ. 'ಪರಿಸರಸ್ನೇಹಿ ವಸತಿ', ಪಕ್ಕದಲ್ಲಿ ಒಂದು ಎಲೆಯ ಚಿತ್ರ. ಸಂತೋಷ. ಒಳಗೆ ಹೋದರೆ ಗೋಡೆಗೆ ಅಂಟಿಸಿದ ಇನ್ನೊಂದು ಕಾಗದ: 'ಪರಿಸರ ಉಳಿಸುವ ಸಲುವಾಗಿ ಬಿಸಿನೀರು ಬೆಳಿಗ್ಗೆ 6ರಿಂದ 7 ಮಾತ್ರ.' ಸೆಕೆಂಡ್ ಶಿಫ್ಟ್ ಮುಗಿಸಿ, ಮೈತುಂಬಾ ಕೂಲೆಂಟ್ ಎಣ್ಣೆ ಮೆತ್ತಿಕೊಂಡು, ರಾತ್ರಿ ಹನ್ನೊಂದಕ್ಕೆ ಬರುವ ಹುಡುಗ ಆ ಕಾಗದ ಓದಿ ಏನೆಂದುಕೊಳ್ಳಬೇಕು? ತಣ್ಣೀರಲ್ಲಿ ಆ ಎಣ್ಣೆ ಬಿಡುವುದಿಲ್ಲ. ಇದು ನನ್ನ ಮೈಯ ಅನುಭವ.

ಈ ಆಟ ನಿಮ್ಮಿಂದ ಶುರುವಾದದ್ದಲ್ಲ ಬಿಡಿ. ದೊಡ್ಡ ಹೋಟೆಲುಗಳ ಬಾತ್‌ರೂಮಿನಲ್ಲಿ ಒಂದು ಕಾರ್ಡು ಇಟ್ಟಿರುತ್ತಾರೆ: ಟವೆಲನ್ನು ಮತ್ತೆ ಬಳಸಿ, ಭೂಮಿಯನ್ನು ಉಳಿಸಿ ಅಂತ. 1986ರಲ್ಲಿ ಅಮೆರಿಕದ ಜೇ ವೆಸ್ಟರ್‌ವೆಲ್ಡ್ ಎಂಬಾತ ಒಂದು ಪ್ರಬಂಧ ಬರೆದ. ಟವೆಲ್ ಒಗೆಯುವ ಖರ್ಚು ಉಳಿಯುವುದು ಹೋಟೆಲಿನವನಿಗೆ, ಹೆಸರು ಮಾತ್ರ ಭೂಮಿಯದ್ದು ಎಂದು ಆ ಕಾರ್ಡಿನ ಮಾನ ಕಳೆದ. ಗ್ರೀನ್‌ವಾಷಿಂಗ್ ಎಂಬ ಪದ ಚಾಲ್ತಿಗೆ ಬಂದದ್ದು ಅಲ್ಲಿಂದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಿರುಕು ಮುಚ್ಚದೆ ಮೇಲೆ ಹಸಿರು ಸುಣ್ಣ ಬಳಿಯುವುದು. ಇವತ್ತು ಪ್ರಪಂಚದ ಎಲ್ಲ ಕಂಪನಿಗಳ ಮೇಲೂ ಪ್ರಯೋಗವಾಗುವ ಆ ಬೈಗುಳ ಹುಟ್ಟಿದ್ದು ಹೋಟೆಲಿನ ಟವೆಲ್ಲಿನಿಂದ. ನಿಮ್ಮ ವ್ಯಾಪಾರಕ್ಕೆ ಆ ಗೌರವ ಸಲ್ಲಬೇಕು!

ಆದ್ದರಿಂದ ನನ್ನ ಮಾತು ಒಂದೇ. ಉಳಿಸುವುದಾದರೆ ಪೈಪಿನಲ್ಲಿ ಉಳಿಸಿ, ಅಡುಗೆಮನೆಯಲ್ಲಿ ಉಳಿಸಿ. ಬಾಡಿಗೆ ಕೊಟ್ಟವನ ಬಕೆಟ್ಟಿನಿಂದ ಕಿತ್ತು ಅದಕ್ಕೆ ಪರಿಸರ ಎಂದು ಹೆಸರಿಡಬೇಡಿ.

ಬಿಸಿನೀರಿನ ಪೈಪನ್ನೇ ನೋಡಿ. ನಿಮ್ಮ ಟೆರೇಸುಗಳಲ್ಲಿ ಸೋಲಾರ್ ವಾಟರ್ ಹೀಟರುಗಳಿವೆ. ಹೋಟೆಲು, ಹಾಸ್ಟೆಲುಗಳಿಗೆ ಅದು ಕಡ್ಡಾಯ ಎಂದು ನಮ್ಮ ರಾಜ್ಯ ಸರ್ಕಾರ 2007ರಲ್ಲೇ ಆದೇಶ ಮಾಡಿದೆ, ಒಳ್ಳೆಯದಾಯಿತು. ಆದರೆ ಸೋಲಾರ್ ಟ್ಯಾಂಕು ಮೇಲೆ, ಸ್ನಾನ ಕೆಳಗೆ. ನಡುವೆ ಹದಿನೈದು ಮೀಟರ್ ಪೈಪು ಗೋಡೆಯ ಹೊರಗೆ ಬೆತ್ತಲೆಯಾಗಿ ಇಳಿದಿರುತ್ತದೆ. ಒಂದಿಂಚಿನ ಪೈಪಾದರೆ ಅದರೊಳಗೆ ಏಳು ಲೀಟರಿಗೂ ಮೇಲೆ ನೀರು ರಾತ್ರಿಯೆಲ್ಲ ಆರಿ ನಿಂತಿರುತ್ತದೆ. ಬೆಳಿಗ್ಗೆ ಮೊದಲು ಬಂದವನು ನಲ್ಲಿ ತಿರುಗಿಸಿ, ಬೆರಳು ಹಿಡಿದು, 'ಇನ್ನೂ ಬಂದಿಲ್ಲ' ಎಂದು ಸುಮ್ಮನೆ ಬಿಡುತ್ತಾನೆ. ಅರ್ಧ ಬಕೆಟ್ಟು ಮೋರಿಗೆ. ಪೈಪು ಮತ್ತೆ ಆರಿದ ಮೇಲೆ ಬಂದವನೂ ಅದನ್ನೇ ಮಾಡುತ್ತಾನೆ. ಬಾತ್‌ರೂಮಿಗೊಂದರಂತೆ ಕವಲು ಇದ್ದರೆ ಲೆಕ್ಕ ನೀವೇ ಹಾಕಿ. ಆ ಪೈಪಿಗೆ ಕಪ್ಪು ಫೋಮ್ ಹೊದಿಸುತ್ತಾರೆ, ಎಸಿ ರಿಪೇರಿಯವರ ಹತ್ತಿರ ನೋಡಿರುತ್ತೀರಿ. ಅದನ್ನು ಹೊದಿಸಿದರೆ ಬೇಗ ಆರುವುದಿಲ್ಲ. ಅದೂ ಬೇಡವೆಂದರೆ ನಲ್ಲಿಯ ಕೆಳಗೆ ಒಂದು ಖಾಲಿ ಬಕೆಟ್ಟು ಇಡಿ, ಮೊದಲ ನೀರು ಅದಕ್ಕೆ ಬೀಳಲಿ, ಬಟ್ಟೆ ನೆನೆಹಾಕಲಿಕ್ಕೆ ಬರುತ್ತದೆ. ಆಗ ರಾತ್ರಿ ಬಂದ ಹುಡುಗನಿಗೂ ನಾಲ್ಕು ಚೊಂಬು ಬಿಸಿನೀರು ಉಳಿದಿರುತ್ತದೆ.

ಏರೇಟರ್ ಕತೆ ಇನ್ನೂ ತಮಾಷೆ. 2024ರ ಬರದಲ್ಲಿ ಜಲಮಂಡಳಿ ಹೋಟೆಲು, ಅಪಾರ್ಟ್‌ಮೆಂಟು, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆಲ್ಲ ಏರೇಟರ್ ಹಾಕಿಸಿ ಎಂದು ಮಾರ್ಚ್ ತಿಂಗಳ ಗಡುವು ಕೊಟ್ಟಿತು. ನೀರಿಗೆ ಗಾಳಿ ಬೆರೆಸಿ ಧಾರೆ ದಪ್ಪಗೆ ಕಾಣುವಂತೆ ಮಾಡುವ ಬೆರಳುದ್ದದ ಜಾಲರಿ ಅದು. ಹಾಕಿಸಿದಿರಿ. ಈಗ ಎಲ್ಲಿವೆ? ನಾನು ಊಟಕ್ಕೆ ಹೋಗುವ ಒಂದು ಕಡೆ ಕೈತೊಳೆಯುವ ಜಾಗದ ಕಿಟಕಿಯ ಮೇಲೆ ಐದು ಏರೇಟರುಗಳು ಸಾಲಾಗಿ ಕೂತಿವೆ, ಒಂದೊಂದರ ಬಾಯಿಗೂ ಬಿಳಿ ಸುಣ್ಣ ಕಟ್ಟಿದೆ. ನಮ್ಮ ಬೋರ್ ನೀರು ಗಡಸು. ತಿಂಗಳು ಎರಡು ತಿಂಗಳಲ್ಲಿ ಜಾಲರಿ ಮುಚ್ಚಿಕೊಳ್ಳುತ್ತದೆ, ಹುಡುಗರು ಕಿತ್ತು ಪಕ್ಕಕ್ಕಿಡುತ್ತಾರೆ, ನಲ್ಲಿ ಮತ್ತೆ ಮೊದಲಿನಂತೆ ಸುರಿಯುತ್ತದೆ. ಚಿತ್ರಾನ್ನ ಮಾಡುವ ಅಡುಗೆಮನೆಯಲ್ಲಿ ನಿಂಬೆಹಣ್ಣಿಗೆ ಬರವೇ? ಬಿಸಿನೀರಿಗೆ ನಿಂಬೆರಸ ಹಿಂಡಿ ರಾತ್ರಿಯೆಲ್ಲ ಅದರಲ್ಲಿ ನೆನೆಸಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಸುಣ್ಣ ಬಿಡುತ್ತದೆ. ತಿಂಗಳಿಗೊಮ್ಮೆ, ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುತ್ತೀರಲ್ಲ, ಅದರ ಹಿಂದಿನ ರಾತ್ರಿ ಎಂದು ಇಟ್ಟುಕೊಳ್ಳಿ, ಮರೆಯುವುದಿಲ್ಲ.

ಈಗ ದರ್ಶಿನಿಯವರ ಕಡೆ ತಿರುಗುತ್ತೇನೆ. ಇಡ್ಲಿ ಬಟ್ಟೆಯ ವಿಚಾರ.

2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದು ನೆನಪಿರಬೇಕು. ರಾಜ್ಯದಲ್ಲಿ 251 ಕಡೆ ಪರೀಕ್ಷೆ ಮಾಡಿದರೆ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಪ್ಲಾಸ್ಟಿಕ್ ಬಿಸಿಗೆ ಬಿಡುವ ವಿಷ ಇಡ್ಲಿಗೆ ಇಳಿಯುತ್ತದೆಂದು ಅದನ್ನು ನಿಷೇಧಿಸಿದರು. ಆಗ ನನಗೆ ಪರಿಚಯದ ಒಬ್ಬ ಹೋಟೆಲಿನವರು ಹೇಳಿದ ಮಾತು ನನ್ನನ್ನು ಯೋಚನೆಗೆ ಹಚ್ಚಿತು. 'ಬಟ್ಟೆ ಒಗೆಯಲಿಕ್ಕೆ ಎಷ್ಟು ನೀರು ಬೇಕು ಗೊತ್ತಾ ಸಾರ್? ಪ್ಲಾಸ್ಟಿಕ್ಕು ನೀರು ಉಳಿಸ್ತಿತ್ತು.' ಸುಳ್ಳಲ್ಲ. ಹಿಟ್ಟು ಅಂಟಿದ ಬಟ್ಟೆಯನ್ನು ನೆನೆಸಿ, ಉಜ್ಜಿ, ಬಿಸಿನೀರಲ್ಲಿ ಅದ್ದಿ, ಬಿಸಿಲಿಗೆ ಹರವಬೇಕು. ಹರವದೆ ಮುದುರಿಟ್ಟರೆ ಹುಳಿ ವಾಸನೆ ಇಡ್ಲಿಗೂ ಬರುತ್ತದೆ. 2024ರ ಬೇಸಿಗೆಯಲ್ಲಿ ನಗರದ ಕೆಲವು ಹೋಟೆಲುಗಳು ತಟ್ಟೆ ತೊಳೆಯಲು ನೀರಿಲ್ಲವೆಂದು ಬಳಸಿ ಬಿಸಾಡುವ ತಟ್ಟೆ ಲೋಟಕ್ಕೆ ಇಳಿದಿದ್ದೂ ಇದೇ ಕಷ್ಟಕ್ಕೆ.

ಆದರೆ ನೀರು ಉಳಿಸಿ ಕಸ ಹುಟ್ಟಿಸಿದರೆ ಕಸ ಹೋಗುವುದು ಎಲ್ಲಿಗೆ? ನಗರದ ಕಸ ಹೋಗುತ್ತಿದ್ದ ಮಾವಳ್ಳಿಪುರದವರು 2012ರಲ್ಲಿ ಕಸದ ಲಾರಿ ತಡೆದರು. ಮಂಡೂರಿನವರು 2014ರಲ್ಲಿ ಇನ್ನು ಸಾಕು ಎಂದರು. ನಮ್ಮ ಪಶ್ಚಿಮ ದಿಕ್ಕಿನಲ್ಲಿ ಮಾಗಡಿ ರಸ್ತೆಯ ಕನ್ನಹಳ್ಳಿ, ಸೀಗೇಹಳ್ಳಿಯ ಕಸದ ಘಟಕಗಳ ನಾತಕ್ಕೆ ಅಕ್ಕಪಕ್ಕದ ಊರಿನವರು ಬೀದಿಗಿಳಿದಿದ್ದಾರೆ. ಅವರಲ್ಲಿ ನಿಮ್ಮ ಹೋಟೆಲಿಗೆ ಹಾಲು, ಸೊಪ್ಪು ತಂದುಕೊಡುವವರೂ ಇರಬಹುದು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಮೇಜಿಗೆ ಹಾಸುವ ಹಾಳೆ ಎಲ್ಲವನ್ನೂ ನಮ್ಮ ರಾಜ್ಯ 2016ರ ಮಾರ್ಚ್‌ನಲ್ಲೇ ನಿಷೇಧಿಸಿತ್ತು, ದೇಶದ ನಿಷೇಧ 2022ರ ಜುಲೈನಲ್ಲಿ ಬರುವ ಆರು ವರ್ಷ ಮುಂಚೆ. ಆದರೂ ಸ್ಟೀಲ್ ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಸಿ ಖಾರಾಬಾತ್ ಸುರಿಯುವುದನ್ನು ಕಳೆದ ತಿಂಗಳೂ ಕಂಡೆ. ಹೆಸರು ಹೇಳುವುದಿಲ್ಲ, ಅವರೂ ಇದನ್ನು ಓದುತ್ತಿರುತ್ತಾರೆ.

ಹೆಗ್ಗನಹಳ್ಳಿ ಕ್ರಾಸಿನ ಹತ್ತಿರ ಒಂದು ಚಿಕ್ಕ ಹೋಟೆಲಿನ ಹಿಂದುಗಡೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನಿಂತರೆ ತಂತಿಯ ಮೇಲೆ ಇಡ್ಲಿ ಬಟ್ಟೆಗಳು ಒಣಗುತ್ತಿರುತ್ತವೆ. ಚೌಕ ಚೌಕ, ಸುತ್ತಲೂ ಹೊಲಿಗೆ, ನಡುವೆ ಇಡ್ಲಿಯ ಕುಳಿಗಳ ಅಚ್ಚು ಹಳದಿಯಾಗಿ ಉಳಿದಿರುತ್ತದೆ. ಅಲ್ಲಿಯ ಅಮ್ಮ ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿಯುವುದೇ ಇಲ್ಲ. ಮೂರು ಬೋಗುಣಿ ಇಟ್ಟಿದ್ದಾರೆ: ಮೊದಲನೆಯದರಲ್ಲಿ ಹಿಟ್ಟು ಬಿಡುತ್ತದೆ, ಎರಡನೆಯದರಲ್ಲಿ ಉಜ್ಜುತ್ತಾರೆ, ಮೂರನೆಯದು ಕುದಿಯುವ ನೀರು. ಮೂರನೆಯ ಬೋಗುಣಿಯ ನೀರು ಮರುದಿನ ಮೊದಲನೆಯದಾಗುತ್ತದೆ. ಮೊದಲನೆಯದರ ಗಂಜಿನೀರು ಎದುರುಮನೆಯ ಹಸುವಿಗೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಮೆಚ್ಚಿದರೆ, 'ನೀರಿಗೆ ದುಡ್ಡು ಕೊಡೋರು ಯಾರು?' ಎಂದರು.

ಪಿಜಿ ಊಟಕ್ಕೆ ಬರುತ್ತೇನೆ. ಬೆಳಿಗ್ಗೆ ಏಳಕ್ಕೆ ಕಸದ ಆಟೋ ಬಂದಾಗ ನಿಮ್ಮ ಹಸಿ ಕಸದ ಡ್ರಮ್ಮಿನಲ್ಲಿ ಮೇಲೆ ತೇಲುವುದು ಅನ್ನ. ಅರವತ್ತು ಜನಕ್ಕೆ ಮಾಡಿರುತ್ತೀರಿ, ನಲವತ್ತು ಜನ ಉಂಡಿರುತ್ತಾರೆ. ಉಳಿದವರಲ್ಲಿ ಕೆಲವರಿಗೆ ಓಟಿ, ಕೆಲವರು ಊರಿಗೆ, ಕೆಲವರು ನಿಮ್ಮ ಸಾರಿಗೆ ಹೆದರಿ ದೊನ್ನೆ ಬಿರಿಯಾನಿಗೆ. ಕಲಬುರಗಿ, ರಾಯಚೂರಿನ ಹುಡುಗರಿಗೆ ವಾರಕ್ಕೆ ಎರಡು ದಿನ ಜೋಳದ ರೊಟ್ಟಿ ಮಾಡಿದರೆ ತಟ್ಟೆಯಲ್ಲಿ ಒಂದು ಚೂರೂ ಉಳಿಯುವುದಿಲ್ಲ, ಬೇಕಾದರೆ ಪಂಥ ಕಟ್ಟುತ್ತೇನೆ. ಲಗ್ಗೆರೆ ಕಡೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಜಿ ನಡೆಸುವ ಒಬ್ಬ ತಾಯಿ ಗೇಟಿನ ಒಳಗೆ ಹಲಗೆ ಹಾಕಿ ಸೀಮೆಸುಣ್ಣದ ಕಡ್ಡಿ ಕಟ್ಟಿದ್ದಾರೆ. ಕೆಲಸಕ್ಕೆ ಹೋಗುವಾಗ ರಾತ್ರಿ ಊಟ ಬೇಡದವರು ರೂಮ್ ನಂಬರ್ ಬರೆದು ಹೋಗಬೇಕು. ವಾಟ್ಸ್ಯಾಪ್ ಗುಂಪು ಮಾಡಿ ನೋಡಿದರಂತೆ, ಅದರಲ್ಲಿ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಊಟದ ಲೆಕ್ಕ ಕಳೆದುಹೋಗುತ್ತಿತ್ತಂತೆ. ಹಲಗೆಯೇ ವಾಸಿ.

ಬಜ್ಜಿ ಬೋಂಡ ಕರಿದ ಎಣ್ಣೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಕಪ್ಪಾದ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ, ರಸ್ತೆಬದಿ ಗಾಡಿಯವರಿಗೆ ಮಾರಲೂ ಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಬಳಸಿದ ಎಣ್ಣೆ ಸಂಗ್ರಹಿಸಿ ಬಯೋಡೀಸೆಲ್ಲಿಗೆ ಕಳಿಸುವ ಯೋಜನೆ ತಂದಿದೆ. ಕ್ಯಾನಿನಲ್ಲಿ ಕೂಡಿಟ್ಟರೆ ಬಂದು ಒಯ್ಯುವವರಿದ್ದಾರೆ, ಕಾಸೂ ಕೊಡುತ್ತಾರೆ. ಮೋರಿಗೆ ಸುರಿದದ್ದು ರಾಜಕಾಲುವೆ ಹಿಡಿದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಯಾವ ಕಾವೇರಿಯಿಂದ ನೀರು ತರುತ್ತೇವೋ ಅದೇ ಕಾವೇರಿಗೆ ಬೋಂಡದ ಜಿಡ್ಡು ವಾಪಸ್ಸು.

ಕುಡಿಯುವ ನೀರಿನ ಆರ್‌ಒ ಮೆಷೀನು ಎಲ್ಲ ಪಿಜಿಯಲ್ಲೂ ಇದೆ, ಇರಲೇಬೇಕು. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಶಾಪುಗಳ ಕೃಪೆಯಿಂದ ಆ ಭಾಗದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರ್ಕಾರಿ ವರದಿಗಳಲ್ಲೇ ದಾಖಲಾಗಿದೆ, ಬೋರ್ ನೀರು ಹಾಗೇ ಕುಡಿಸಲಾಗದು. ಆದರೆ ಚಿಕ್ಕ ಆರ್‌ಒ ಒಂದು ಲೀಟರ್ ಒಳ್ಳೆ ನೀರು ಕೊಡಲು ಎರಡು ಮೂರು ಲೀಟರ್ ಹೊರಹಾಕುತ್ತದೆ. ಆ ಸಣ್ಣ ನಳಿಕೆಯನ್ನು ಮೋರಿಯ ಕಂಡಿಗೆ ತೂರಿಸಿರುತ್ತೀರಿ. ಒಂದು ಡ್ರಮ್ಮಿಗೆ ಬಿಡಿ. ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಅದು ಸಾಕು. ಅಡುಗೆಗೂ ಗಿಡಕ್ಕೂ ಬೇಡ.

ಮಳೆನೀರು ಕೊಯ್ಲಿನ ಕಾನೂನು 2009ರಲ್ಲಿ ಬಂದಾಗ ಹಳೆಯ ಕಟ್ಟಡಗಳಲ್ಲಿ 60x40, ಹೊಸವುಗಳಲ್ಲಿ 30x40 ಸೈಟುಗಳಿಂದ ಮೇಲಕ್ಕೆ ಕಡ್ಡಾಯ ಎಂದರು. ನಮ್ಮ 20x30 ಗೂಡುಗಳಿಗೆ ಅದು ತಾಕುವುದಿಲ್ಲ, ಅದಕ್ಕೇ ಯಾರೂ ತಲೆಕೆಡಿಸಿಕೊಂಡಿಲ್ಲ. ನಮ್ಮ ಊರಿನ ಮಳೆ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್. 600 ಚದರಡಿ ಟೆರೇಸಿನ ಮೇಲೆ ಬೀಳುವುದು ಸುಮಾರು 54,000 ಲೀಟರ್. ಸೋರಿಕೆ, ಮೊದಲ ಮಳೆಯ ಕೊಳೆ ಕಳೆದರೂ 8,000 ಲೀಟರಿನ ಐದು ಟ್ಯಾಂಕರು ಪುಕ್ಕಟೆ. ಟೆರೇಸಿನ ಪೈಪನ್ನು ರಸ್ತೆಗೆ ಬಿಡುವ ಬದಲು ಒಂದು ಫಿಲ್ಟರ್ ಹಾಕಿ ಸಂಪಿಗೆ ತಿರುಗಿಸಿ. ಅರವತ್ತು ಜನರ ಪಿಜಿಗೆ ಅದು ಒಂದು ವಾರದ ನೀರೂ ಆಗದು ಎನ್ನುತ್ತೀರಿ, ಒಪ್ಪಿದೆ. ಆ ಒಂದು ವಾರ ಮೇ ತಿಂಗಳಲ್ಲಿ ಬರಬಹುದು.

ಇಷ್ಟೆಲ್ಲ ಹೇಳಿದ್ದು ನೀವು ದೊಡ್ಡ ಹೋಟೆಲಿನಂತಾಗಲಿ ಎಂದಲ್ಲ. ಇದೇ ಬೆಂಗಳೂರಿನ ಐಟಿಸಿ ವಿಂಡ್ಸರ್ ಹೋಟೆಲು ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಝೀರೋ ಕಾರ್ಬನ್ ಎಂಬ ಪ್ರಮಾಣಪತ್ರ ಪಡೆದ ಜಗತ್ತಿನ ಮೊದಲ ಹೋಟೆಲು. ಸಣ್ಣ ಸಾಧನೆಯಲ್ಲ, ನಮ್ಮ ಊರಿಗೆ ಹೆಮ್ಮೆ. ಆದರೆ ಆ ಅಳತೆಗೋಲು ನಿಮಗೆ ಬೇಡ. ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಮೂವರು ಮಲಗಿ, ಬಕೆಟ್ಟಿನಲ್ಲಿ ಸ್ನಾನ ಮಾಡಿ, ಒಂದೇ ಒಲೆಯಲ್ಲಿ ಅರವತ್ತು ಜನಕ್ಕೆ ಬೆಂದದ್ದನ್ನು ಉಂಡು, ನಡೆದೇ ಪೀಣ್ಯಕ್ಕೆ ಕೆಲಸಕ್ಕೆ ಹೋಗುವ ನಿಮ್ಮ ಹುಡುಗರಿಗಿಂತ ಕಡಿಮೆ ಖರ್ಚಿನಲ್ಲಿ ಈ ನಗರದಲ್ಲಿ ಬದುಕುವವರು ಯಾರಿದ್ದಾರೆ? ಅವರಿಗೆ ಇನ್ನಷ್ಟು ಉಳಿಸಿ ಎಂದು ಕಾಗದ ಅಂಟಿಸಲು ನಮಗೆ ಕೈ ಬರಬಾರದು. 2018ರಲ್ಲಿ ಕೇಪ್‌ಟೌನಿನಲ್ಲಿ ನೀರು ಮುಗಿಯುತ್ತಾ ಬಂದಾಗ ತಲೆಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದರು, ಹೋಟೆಲಿನವರು ಸ್ನಾನದ ತೊಟ್ಟಿಯ ಬಿರಡೆಗಳನ್ನೇ ತೆಗೆದಿಟ್ಟರು. ನಮ್ಮ ಹುಡುಗರಿಗೆ ತೆಗೆದಿಡಲು ತೊಟ್ಟಿಯೂ ಇಲ್ಲ, ಬಿರಡೆಯೂ ಇಲ್ಲ. ತೆಗೆಯಬೇಕಾದದ್ದು ಗೋಡೆಯ ಮೇಲಿನ ಆ ಕಾಗದ.

ನೋಡಿ ಕಲಿಯುವ ಮಾದರಿ ಬೇಕೆಂದರೆ, ಬಸವನಗುಡಿ ಕಡೆಯ ಗವಿಪುರದಲ್ಲಿ ಅದಮ್ಯ ಚೇತನದವರು ಸಾವಿರಾರು ಮಕ್ಕಳಿಗೆ ಅಡುಗೆ ಮಾಡಿಯೂ ಕಸವೇ ಹೊರಗೆ ಹೋಗದ ಅಡುಗೆಮನೆ ನಡೆಸುತ್ತಾರೆ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುವ ಪ್ಲೇಟ್ ಬ್ಯಾಂಕನ್ನೂ ಇಟ್ಟಿದ್ದಾರೆ. ಒಂದು ದಿನ ನಿಮ್ಮಲ್ಲಿ ನಾಲ್ಕು ಜನ ಸೇರಿ ಹೋಗಿ ನೋಡಿ ಬರಬಹುದು. ನಮ್ಮ ವಾರ್ಡಿನ ಗಣೇಶನ ಊಟಕ್ಕೂ ಅಂಥದ್ದೊಂದು ತಟ್ಟೆ ಪೆಟ್ಟಿಗೆ ನೀವೆಲ್ಲ ಸೇರಿ ಇಟ್ಟುಕೊಂಡರೆ ನಾನು ಒಂದು ಡಜನ್ ತಟ್ಟೆ ಕೊಡುತ್ತೇನೆ.

ಅದಕ್ಕೂ ಮೊದಲು ಒಂದು ಚಿಕ್ಕ ಕೆಲಸ. ಬರುವ ಭಾನುವಾರ ಬೆಳಿಗ್ಗೆ ಐದೂಕಾಲಿಗೆ ಮೋಟರ್ ಹುಡುಗನನ್ನು ಮಲಗಲು ಬಿಟ್ಟು ನೀವೇ ನಿಮ್ಮ ಟೆರೇಸು ಹತ್ತಿ. ಓವರ್‌ಫ್ಲೋ ಪೈಪಿನ ಬಾಯಿಗೆ ಒಂದು ಬಕೆಟ್ಟು ಇಟ್ಟು ಎಷ್ಟು ಬಾರಿ ತುಂಬುತ್ತದೆ ಎಣಿಸಿ. ಎದುರಿನ ಕಿಟಕಿಯಲ್ಲಿ ನಾನು ಕಾಫಿ ಹಿಡಿದು ಕೂತಿರುತ್ತೇನೆ. ಲೆಕ್ಕ ಸಿಕ್ಕಿದರೆ ಕೂಗಿ ಹೇಳಿ.

ಇಂತಿ,
ನಿಮ್ಮ ನೆರೆಯವನು,
ಹೆಗ್ಗನಹಳ್ಳಿ